ತಿದ್ದಿದ ಫೋಟೊ

"ನೋಡು, ನಿಂಗೂ ಕಂಡಿತ್ತು! ಇಷ್ಟು ದಿನ ಸುಳ್ಳು ಹೇಳ್ದೆ!"

ಮಗಳು ಸ್ಟುಡಿಯೋದ ಕಂಪ್ಯೂಟರಿನಲ್ಲಿ ತನ್ನ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟಿದ್ದಳು. ಒಂದು ತೆಗೆದ ಹಾಗೇ ಇದ್ದದ್ದು, ಇನ್ನೊಂದು ತಿದ್ದಿದ್ದು. ಸ್ಟುಡಿಯೋ ನಡೆಸುವ ಅಪ್ಪ ಕ್ಯಾಮೆರಾ ಕೆಳಗಿಟ್ಟು ಹತ್ತಿರ ಬಂದ.

ಕಾಲೇಜು ಬಿಟ್ಟು ಮಾಸ್ಕ್ ಹಾಕಿಕೊಂಡು ಮನೆಯಲ್ಲೇ ಕೂತವಳು ಅವಳು. ಮೂಗು ಸೊಟ್ಟ ಎನ್ನುವುದೊಂದೇ ಜಪ. ಚೆಂದದ ಫೋಟೊ ಒಂದನ್ನು ತೋರಿಸಿದರೆ ಎಲ್ಲ ಸರಿಹೋದೀತೆಂದು ಅವನು ಪುಸಲಾಯಿಸಿ ಇಲ್ಲಿಗೆ ಕರೆತಂದು, ಮಾಸ್ಕ್ ಬಿಚ್ಚಿಸಿ ಕೂರಿಸಿ ಫೋಟೊ ತೆಗೆದಿದ್ದ. ಆದರೆ ಊರಿನವರ ಮುಖಗಳನ್ನೆಲ್ಲ ತಿದ್ದಿ ತಿದ್ದಿ ಪಳಗಿದ ಹಾಳು ಕೈ, ಕೇಳದೆಯೇ ಮಗಳ ಮೂಗನ್ನೂ ಒಂದು ಕೂದಲೆಳೆಯಷ್ಟು ಸರಿಸಿತ್ತು.

"ಅಭ್ಯಾಸ ಬಲ ಪುಟ್ಟಾ, ಎಲ್ಲರಿಗೂ ಮಾಡ್ತೀನಿ."

"ಸೊಟ್ಟ ಇಲ್ದಿದ್ರೆ ಯಾಕೆ ಸರಿ ಮಾಡ್ದೆ?"

ಅವನು ದಿಟ್ಟಿಸಿ ನೋಡಿದ. ತಿದ್ದದ ಫೋಟೊದಲ್ಲಿ ಮೂಗು ನೆಟ್ಟಗೇ ಇತ್ತು. ಮತ್ತೆ ನೋಡಿದರೆ ಸ್ವಲ್ಪ ವಾಲಿದೆಯೇನೋ ಅನ್ನಿಸಿತು. ಆಮೇಲೆ ತಿದ್ದಿದ್ದೇ ಸೊಟ್ಟಗೆ ಕಂಡಿತು. ಮುಖ ನೋಡಿಯೇ ಹೊಟ್ಟೆ ಹೊರೆದವನಿಗೆ ಹೆತ್ತ ಮಗಳ ಮುಖವೇ ತಿಳಿಯದಾಯಿತು.

"ಸಾಕಾಗಿದೆ ಅಪ್ಪ," ಎಂದಳು ಮೆಲ್ಲಗೆ. "ಈ ಮುಖ ಹೊತ್ಕೊಂಡು ಇನ್ನೆಷ್ಟು ದಿನ ಇರ್ಲಿ?"

ಅವನು ಗಿರಾಕಿಗಳ ಸ್ಟೂಲನ್ನು ಎಳೆದು ಅವಳೆದುರು ಕೂತ.

"ಸಾಕು ಅಂದ್ರೆ... ಸಾಯ್ಬೇಕು ಅನ್ಸುತ್ತಾ?"

ಕೇಳಿದವನೇ ನಾಲಿಗೆ ಕಚ್ಚಿಕೊಂಡ. ಇಲ್ಲದ್ದನ್ನು ತಾನೇ ಅವಳ ತಲೆಗೆ ತುಂಬಿದೆನೇನೋ ಎಂದು ಹೆದರಿದ.

"ಹೂಂ. ದಿನಾ ಅನ್ಸುತ್ತೆ." ಬಿಗಿಹಿಡಿದಿದ್ದ ಅವಳ ಭುಜಗಳು ಇಳಿದವು. "ಯಾರೂ ಕೇಳಿರ್ಲಿಲ್ಲ."

ಅವನಿಗೆ ಅಳು ಒತ್ತರಿಸಿಕೊಂಡು ಬಂತು. "ನಂಗೆ ಏನೂ ಅರ್ಥ ಆಗ್ತಿಲ್ಲ ಕಣೇ. ನೀನು ಇರ್ಬೇಕು, ಅಷ್ಟೇ ಗೊತ್ತು. ಏಳು, ಡಾಕ್ಟರ ಹತ್ರ ಹೋಗೋಣ."

"ಮೂಗಿನ ಡಾಕ್ಟರಾ?" ಅವಳ ಕಣ್ಣುಗಳು ಅರಳಿದವು.

"ಅಲ್ಲ. ಮನಸ್ಸಿನ ಡಾಕ್ಟರು."

"ನಂಗೇನು ಹುಚ್ಚಾ?"

"ಯಾರಂದ್ರು? ನಿದ್ದೆ ಇಲ್ಲ, ಊಟ ಇಲ್ಲ, ಸಾಯ್ಬೇಕು ಅಂತೀಯ. ಇಬ್ರೂ ಹೋಗಿ ಕೇಳೋಣ. ನಾನು ಪಕ್ಕದಲ್ಲೇ ಇರ್ತೀನಿ. ಅಮ್ಮಂಗೂ ಅಲ್ಲಿಗೇ ಬಾ ಅಂತ ಫೋನ್ ಮಾಡ್ತೀನಿ."

ಅವಳು ಎರಡೂ ಫೋಟೊಗಳನ್ನು ಇನ್ನೊಮ್ಮೆ ನೋಡಿದಳು. ಎದ್ದಳು.

ಹೊರಗೆ ಬಂದವಳು ಗಾಜಿನ ಬಾಗಿಲಲ್ಲಿ ತನ್ನ ಮುಖ ಕಂಡು ನಿಂತುಬಿಟ್ಟಳು. ಫೋಟೊ ತೆಗೆಸಲು ಬಂದಿದ್ದ ಗಿರಾಕಿಯೊಬ್ಬ, "ಏನ್ರೀ, ಹಗಲಲ್ಲೇ ಬಾಗಿಲು ಹಾಕ್ತಿದೀರಾ?" ಎಂದ. ಅಪ್ಪ ಷಟರನ್ನು ಗಾಜಿನ ಮೇಲೆ ಪೂರ್ತಿ ಕೆಳಗೆ ಎಳೆದ. ಬೀಗ ಹಾಕುವಾಗ ತೋಳು ಜಗ್ಗಿದಂತಾಗಿ ತಿರುಗಿ ನೋಡಿದ. ಅವಳ ಒಂದು ಕೈ ಮೂಗನ್ನು ಮುಚ್ಚಿತ್ತು. ಇನ್ನೊಂದು ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.