ಸಾಹೇಬರ ಕನ್ನಡ

"ಅಬೇ ಓ ಮದ್ರಾಸನ್! ಮುಂಹ್ ಧೋ ಸಾಲೀ, ಸಾಬ್ ಆ ರಹೇ ಹೈ!"

ಸಾಹೇಬರು ಬರುವ ಮೊದಲು ಮುಖ ತೊಳೆಯಲೆಂದು ಮೇಸ್ತ್ರಿ ದುರಗವ್ವನ ಮುಂದೆ ನೀರಿನ ಬಕೆಟ್ಟು ಕುಕ್ಕಿದ. "ನಿನ್ನ ಹೆಣಾ ಎತ್ಲಿ," ಎಂದು ಅವಳು ತನ್ನ ಭಾಷೆಯಲ್ಲೇ ಬೈದು ಮುಖ ತೊಳೆದಳು.

ದಿಲ್ಲಿಯ ರೋಹಿಣಿ ಬಡಾವಣೆಯಾಚೆಯ ಆ ಕಾರ್ಖಾನೆಯಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಊರ ಮೇಲೆಲ್ಲ ವಿಷದ ಹೊಗೆ ಉಗುಳಿದರೂ ಸರ್ಕಾರದ ಕಣ್ಣಿಗೆ ಅದು ತ್ಯಾಜ್ಯ ಮರುಬಳಸುವ ಪರಿಸರ ಸೇವೆ. ಹಾಗಾಗಿ ತೆರಿಗೆ ಮಾಫಿ. ಆ ಮಾಫಿ ಮುಂದುವರಿಸಬಹುದೇ ಎಂದು ನೋಡಲು ಇವತ್ತು ಅಧಿಕಾರಿ ಬರುವವರಿದ್ದರು. ಅವರು ಕನ್ನಡದವರೆಂದು ಗೊತ್ತಾಗಿ, ಮಾಲೀಕ ಸ್ವಾಗತಕ್ಕೆ ದುರಗವ್ವನನ್ನೇ ನಿಲ್ಲಿಸಿದ್ದ.

ದುರಗವ್ವನಿಗೆ ಬೇಕಾದದ್ದು ಒಂದೇ: ಸಾಹೇಬರು ಕುಲುಮೆಯ ಶೆಡ್ಡಿನೊಳಗೆ ಬಂದು ನೋಡಬೇಕು. ಅಲ್ಲಿ ದುಡಿದ ಗಂಡ ಚಂದ್ರಪ್ಪನ ಮುಂಗೈಗಳು ಈಗ ಮೇಲೇಳುವುದಿಲ್ಲ. ಕುಡಿದು ಕೆಟ್ಟ ಅಂತ ಮಾಲೀಕ ಕೈ ತೊಳೆದುಕೊಂಡ. ಆಮೇಲೆ ಚಂದ್ರಪ್ಪ ಮಾತನ್ನೂ ಬಿಟ್ಟ. ಇಷ್ಟು ದೊಡ್ಡ ದಿಲ್ಲಿಯಲ್ಲಿ ಅವಳ ಜೊತೆ ಕನ್ನಡ ಆಡಲು ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಒಲೆಯ ಮುಂದೆ ಕೂತು ಒಬ್ಬಳೇ ಮಾತಾಡಿಕೊಳ್ಳುತ್ತಾಳೆ.

ಅಧಿಕಾರಿ ಸೋಮಶೇಖರ ಮಾಸ್ಕ್ ಹಾಕಿಕೊಂಡೇ ಕಾರಿನಿಂದ ಇಳಿದರು.

"ನಮಸ್ಕಾರ್ರಿ ಸಾಹೇಬ್ರ."

"ಅರೆ, ನಮ್ಮವರು! ಯಾವೂರಮ್ಮ?"

"ಸುರಪುರದ ಕಡೀರಿ."

"ಅಚ್ಛಾ! ಇಲ್ಲಿ ಜೋಳದ ರೊಟ್ಟಿ ಸಿಗುತ್ತಾ?"

ದುರಗವ್ವನಿಗೆ ತವರಿನಿಂದ ಅಣ್ಣ ಬಂದಂತಾಯಿತು.

"ರೊಟ್ಟಿ ಇರ್ಲಿರಿ. ಆ ಕುಲುಮಿ ಒಮ್ಮಿ ನೋಡ್ರಿ. ಅದರ ಹೊಗಿ ಕುಡುದು ನನ್ನ ಗಂಡನ ಕೈ ಸತ್ತಾವ. ತುತ್ತು ನಾನಾ ಉಣ್ಣಸ್ತೀನಿ."

ಸಾಹೇಬರ ಕಣ್ಣಿನ ನಗು ಆರಿತು. ಮಾಲೀಕನ ಕಡೆ ತಿರುಗಿ ಹಿಂದಿಯಲ್ಲಿ ಅಂದರು: "ಗಾಂವ್ ಕೀ ಬೋಲೀ ಹೈ. ಮುಝೇ ಭೀ ಸಮಝ್ ನಹೀ ಆತೀ."

ಹಳ್ಳಿಯ ಭಾಷೆ, ಅವರಿಗೂ ತಿಳಿಯುವುದಿಲ್ಲವಂತೆ! ಮಾಲೀಕ ಹಲ್ಲು ಕಿರಿದು, ಚಹಾಕ್ಕೆಂದು ಅವರನ್ನು ಆಫೀಸಿನತ್ತ ಕರೆದೊಯ್ದ.

ದಿಲ್ಲಿಗೆ ಬಂದ ಮೇಲೆ ದುರಗವ್ವ ಇಷ್ಟು ಒಂಟಿಯಾದದ್ದು ಇದೇ ಮೊದಲು. ಸಾಹೇಬರ ಬೆನ್ನು ನೋಡುತ್ತ ನಿಂತವಳು ಒಮ್ಮೆಲೇ ಓಡಿದಳು. ಅವರ ಮುಂಗೈ ಗಪ್ಪನೆ ಹಿಡಿದಳು.

"ಏಯ್, ಬಿಡೇ! ಮುಟ್ಬೇಡ ನನ್ನ!" ಸಾಹೇಬರು ಅಚ್ಚ ಕನ್ನಡದಲ್ಲಿ ಕಿರುಚಿದರು.

"ಈಗ ತಿಳೀತೇನ್ರಿ ಭಾಷಾ?"

ಮೇಸ್ತ್ರಿ ಅವಳ ಬೆನ್ನಿಗೆ ಗುದ್ದಿದ. ಮತ್ತೆ ಗುದ್ದಿದ. ದುರಗವ್ವ ಕೈ ಬಿಡಲಿಲ್ಲ. ಸಾಹೇಬರನ್ನು ಕುಲುಮೆಯ ಕಡೆಗೆ ಎಳೆಯುತ್ತಲೇ ಇದ್ದಳು.