ಸೂರ್ಯನ ಕುದುರೆಯ ಊಟ

ಅಂದು ಬಳೆಗಾರ್ತಿ ಮೈಮುನಬಿ ಬರದೇ ಇದ್ದಿದ್ದರೆ, ಆ ಸೂರ್ಯನ ಕುದುರೆಯನ್ನು ನಾವು ಹಾಲು ಕುಡಿಸಿಯೇ ಕೊಂದುಬಿಡುತ್ತಿದ್ದೆವು. ಅದರ ಜೊತೆ ಇನ್ನೂ ಏನೇನು ಹೋಗುತ್ತಿತ್ತೋ.

ಐವತ್ತನಾಲ್ಕನೆಯ ಇಸವಿಯ ಭಾದ್ರಪದ. ಮಗಳು ಸಿದ್ದವ್ವ ಬೆಳವಣಕಿಯ ಗಂಡನ ಮನೆಯಿಂದ ಸೂಡಿಗೆ, ನನ್ನ ಹತ್ತಿರ ಬಂದಿದ್ದಳು. ಅವಳಿಗೆ ಐದು ತಿಂಗಳು. ಹಿಂದೆ ಎರಡು ಸಲ ಗರ್ಭ ಇಳಿದುಹೋಗಿತ್ತು. ಈ ಸಲ ನಗುವುದಕ್ಕೂ ಹೆದರುತ್ತಿದ್ದಳು. ಬಂದ ಮರುದಿನ ಜೋರು ಮಳೆ. ಮಳೆ ನಿಂತ ಮೇಲೆ ಹಿತ್ತಲ ಬಿಲ್ವಪತ್ರೆ ಗಿಡದ ಕೆಳಗೆ ಬೆರಳುದ್ದದ ಹಸಿರು ಹುಳ, ಒಂದು ಸೂರ್ಯನ ಕುದುರೆ, ಅವಳ ಕಣ್ಣಿಗೆ ಬಿತ್ತು. ಹಿಂಗಾಲು ಮುರಿದಿತ್ತು. ಬಿದ್ದಲ್ಲಿಯೇ ಮುಂಗಾಲು ಜೋಡಿಸಿಕೊಂಡಿತ್ತು.

“ನೋಡ ಯವ್ವಾ, ಕಾಲು ಮುರದರೂ ಕೈ ಮುಗಿಯೂದು ಬಿಟ್ಟಿಲ್ಲ,” ಎಂದಳು. “ನನ್ನ ಸಲುವಾಗಿನ ಬೇಡಾಕತ್ತೈತಿ. ಇದು ಉಳೀತಂದ್ರ ನನ್ನ ಕೂಸೂ ಉಳೀತೈತಿ.”

ಹಾಗೆಲ್ಲ ಅನಬ್ಯಾಡ ಎಂದು ಗದರಬೇಕಿತ್ತು. ಗದರಲಿಲ್ಲ. ನಾನೇ ಬುಟ್ಟಿ ತಂದು, ಒಳಗೆ ಬಿಲ್ವದ ಟೊಂಗೆ ಇಟ್ಟು, ಮೇಲೆ ತೆಳು ಅರಿವೆ ಕಟ್ಟಿದೆ. ಹತ್ತಿಯ ಬತ್ತಿಯಿಂದ ಮುರಿದ ಕಾಲಿಗೆ ಅರಿಶಿಣ ಹಚ್ಚಿದೆ. ಹಣೆ ಯಾವುದೆಂದು ತಿಳಿಯದೆ ತಲೆಯ ಮೇಲೆಯೇ ಚೂರು ವಿಭೂತಿ ಇಟ್ಟೆ. ಬೆಲ್ಲ ಕರಗಿಸಿದ ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗೆ ಹಿಡಿದರೆ ಒಂದೆರಡು ಹನಿ ಹೀರಿತು.

ನಮ್ಮ ಮನೆಯಲ್ಲಿ ಜಂಗಮರು ಬಂದರೆ ಅವರು ಉಂಡ ಮೇಲೆಯೇ ನಾವು ಉಣ್ಣುವುದು. ಸಿದ್ದವ್ವ ಆ ಪದ್ಧತಿಯನ್ನು ಬುಟ್ಟಿಗೂ ತಂದಳು. “ಅಯ್ಯನವರ ಪ್ರಸಾದ ಆಗಲಿ, ಆಮ್ಯಾಲ ನನಗ ನೀಡು.” ಎರಡು ದಿನ ನಗುತ್ತ ನೀಡಿದೆ. ಮೂರನೆಯ ದಿನ ಅಯ್ಯನವರು ಬತ್ತಿಗೆ ಮುಖ ತಿರುವಿದರು. ಸಿದ್ದವ್ವನೂ ತಾಟು ಸರಿಸಿದಳು. ಎಂಟನೆಯ ದಿನಕ್ಕೆ ಅದರ ಹೊಟ್ಟೆ ಒಣಮೆಣಸಿನಕಾಯಿಯಂತೆ ಸುಕ್ಕುಗಟ್ಟಿತ್ತು. ನನ್ನ ಮಗಳು ನಾನು ಬೈದು ಕುಡಿಸಿದ ಗಂಜಿಯ ಮೇಲೆ ಜೀವ ಹಿಡಿದಿದ್ದಳು. ಏಳುವಾಗ ಗೋಡೆ ಹಿಡಿಯುತ್ತಿದ್ದಳು.

ಅಂದೇ ಮೈಮುನಬಿ ಬಂದದ್ದು. ಹಸಿರು ಬಳೆ ಏರಿಸುತ್ತ, “ಮೊಣಕೈತನಾ ಜಾರತಾವಲ್ಲರೀ, ಏನ ತಿನ್ನಸ್ತೀರಿ ಈ ಹುಡುಗೀಗೆ?” ಎಂದಳು. ಸಿದ್ದವ್ವ ಒಳಗೆ ಹೋದ ಮೇಲೆ ನಾನು ಬುಟ್ಟಿ ತೋರಿಸಿದೆ. ನನ್ನ ಕೈಯಲ್ಲಿನ ಹಾಲಿನ ಬಟ್ಟಲನ್ನೂ ನೋಡಿ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

“ಬಾಳವ್ವಕ್ಕಾ, ಹುಲಿ ಹಿಡದು ತಂದು ಹಾಲು ಬೆಲ್ಲ ಉಣಸಾಕತ್ತೀರಲ್ಲರೀ! ಇದು ಬ್ಯಾಟಿ ಆಡೂ ಹುಳ. ಜೀವ ಇದ್ದ ನೊಣ ಬೇಕು, ಮಿಡತಿ ಬೇಕು.”

“ಏನಂದಿ? ಕೈ ಮುಗದು ನಿಂತೈತಲ್ಲ!”

“ಕೈ ಮುಗದಿಲ್ಲರೀ. ಹೊಂಚು ಹಾಕಿ ಕುಂತೈತಿ.”

ಬಟ್ಟಲು ಕೆಳಗಿಟ್ಟೆ. ತತ್ತಿ, ಮೊಟ್ಟೆ ಎಂಬ ಮಾತನ್ನೂ ಜೋರಾಗಿ ಆಡದ ಮನೆ ನಮ್ಮದು. ಇದಕ್ಕೆ ವಿಭೂತಿ ಇಟ್ಟದ್ದು ನಾನು, ಅಯ್ಯನವರು ಅಂದದ್ದು ನನ್ನ ಮಗಳು!

ಬೇರೆ ದಾರಿ ಇದ್ದರೆ ಹುಡುಕುತ್ತಿದ್ದೆ. ಮಧ್ಯಾಹ್ನ ಬುಟ್ಟಿಯನ್ನು ದನದ ಕೊಟ್ಟಿಗೆಗೆ ಒಯ್ದು, ಮೇವಿನಲ್ಲಿ ಒಂದು ಮಿಡತೆ ಹಿಡಿದೆ. ಬೆರಳ ನಡುವೆ ಒದೆಯುತ್ತಿತ್ತು. ಬುಟ್ಟಿಯೊಳಗೆ ಹಿಡಿದೆ. ಸತ್ತಂತೆ ಬಿದ್ದಿದ್ದ ಜೀವ ಮೆಲ್ಲಗೆ ತಲೆ ತಿರುಗಿಸಿತು. ಮುಂಗಾಲು ಯಾವಾಗ ಚಾಚಿತೋ ನಾನು ಕಾಣಲೇ ಇಲ್ಲ. ಬೆರಳಲ್ಲಿ ಮಿಡತೆ ಇರಲಿಲ್ಲ. ಸೂರ್ಯನ ಕುದುರೆ ಅದನ್ನು ಕುತ್ತಿಗೆಯಿಂದ ತಿನ್ನತೊಡಗಿತ್ತು. ಮಿಡತೆಯ ಕಾಲುಗಳು ಇನ್ನೂ ಆಡುತ್ತಿದ್ದವು. ಸಣ್ಣಗೆ ಕರ್ ಕರ್ ಸಪ್ಪಳ. ಮುಗಿದ ಮೇಲೆ, ಉಂಡವರು ಕೈ ತೊಳೆದಂತೆ, ಮುಂಗಾಲುಗಳನ್ನು ಒಂದೊಂದಾಗಿ ನೆಕ್ಕಿಕೊಂಡಿತು. ನಾನು ಬೂದಿ ಹಚ್ಚಿ ಮೂರು ಸಲ ಕೈ ತಿಕ್ಕಿದೆ. ಮರುದಿನ ಪೂಜೆಗೆ ಅದೇ ಅಂಗೈಯಲ್ಲಿ ಲಿಂಗ ಹಿಡಿಯುವ ಮೊದಲು ಇನ್ನೊಮ್ಮೆ ತಿಕ್ಕಿದೆ.

“ಪ್ರಸಾದ ಆತೇನ ಯವ್ವಾ?” ಎಂದು ಮೊದಲ ದಿನ ನಾನು ಕೊಟ್ಟಿಗೆಯಿಂದ ಬರುತ್ತಲೇ ಸಿದ್ದವ್ವ ಕೇಳಿದ್ದಳು.

“ಆತವ್ವ. ಬಟ್ಟಲ ಖಾಲಿ ಮಾಡೇತಿ.”

ಅಂದು ಅವಳು ಎರಡು ರೊಟ್ಟಿ ಉಂಡಳು.

ಐದು ದಿನ ಹೀಗೆ ನಡೆಯಿತು. ಅದರ ಹೊಟ್ಟೆ ತುಂಬಿಕೊಂಡಿತು, ಮಗಳ ಕೆನ್ನೆಗೆ ಬಣ್ಣ ಬಂತು. ಆರನೆಯ ದಿನ ಮಿಡತೆ ಹಿಡಿದು ಬಗ್ಗಿದ್ದೆ. ಬುಟ್ಟಿಯ ಮೇಲೆ ನೆರಳು ಬಿತ್ತು. ಬಾಗಿಲಲ್ಲಿ ಸಿದ್ದವ್ವ. ಮುಂಗಾಲು ಚಾಚಿದ್ದನ್ನು ನೋಡಿದಳು, ಮಿಡತೆಯ ತಲೆ ಹೋದದ್ದನ್ನೂ ನೋಡಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. 

“ಎಷ್ಟ ದಿನದಿಂದ?”

“ಐದ ದಿನ ಆತು.”

“ನಾ ಉಂಡಿದ್ದೆಲ್ಲಾ ಇದು ಜೀವ ತಿಂದ ಮ್ಯಾಲನ?”

“ಹೌದವ್ವ.”

“ನನ್ನ ಸಲುವಾಗಿ ಬೇಡಾಕತ್ತಿರಲಿಲ್ಲೇನು ಇದು?”

“ಇಲ್ಲವ್ವ. ಅದಕ್ಕ ಹಸಿವಿ ಆಗಿತ್ತು.”

ತಿರುಗಿ ಒಳಗೆ ಹೋದಳು. ಆ ದಿನ ಏನೂ ಉಣ್ಣಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಯಾವ ಬಾಯಿಂದ ಮಾಡಲಿ?

ಬೆಳಗಾದರೆ ಅವಳ ಹಾಸಿಗೆ ಖಾಲಿ. ನಾನು ಬಾವಿಯ ಕಡೆ ಓಡಿದೆ. ಬಗ್ಗಿ ನೋಡಿದೆ. ನೀರು ಅಲ್ಲಾಡಿರಲಿಲ್ಲ. ಏದುಸಿರು ಬಿಡುತ್ತ ಕೊಟ್ಟಿಗೆಗೆ ಬಂದರೆ, ಅಲ್ಲಿ ಕೂತಿದ್ದಳು. ತೊಡೆಯ ಮೇಲೆ ಬುಟ್ಟಿ, ಬೆರಳ ತುದಿಯಲ್ಲಿ ಒದೆಯುವ ಮಿಡತೆ. ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವ ನನ್ನ ಮಗಳು! ಮುಂಗಾಲು ಚಾಚಿತು. ಅವಳು ಕಣ್ಣು ಮುಚ್ಚಲಿಲ್ಲ.

“ಭಾಳ ಹಸದಿತ್ತ ಯವ್ವಾ. ನೀ ಬರೂದು ತಡಾ ಮಾಡಿದಿ.”

ನಾನು ಕಂಬ ಹಿಡಿದು ನಿಂತೆ. ಕರ್ ಕರ್ ಸಪ್ಪಳ ಆಗಷ್ಟೇ ಶುರುವಾಗಿತ್ತು.

“ನಿಂತು ಏನ ನೋಡ್ತಿ?” ಎಂದಳು. “ಹೋಗಿ ರೊಟ್ಟಿ ಬಡಿ. ಇದು ಉಂಡು ಮುಗಸೂತನಾ ನಾ ಕಾಯಂಗಿಲ್ಲ.”