ಮೇಣದೊಳಗಿನ ಮೊಹರು

ಆದಿಲಕ್ಷ್ಮಮ್ಮ ನನ್ನ ಮೇಜಿನ ಮೇಲಿಟ್ಟ ಎರಡು ಚಿನ್ನದ ಮೊಹರು ನಾಣ್ಯಗಳಲ್ಲಿ ಒಂದು ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಕುಂಕುಮದ ಭರಣಿಯ ತಳದಲ್ಲಿ, ಜೇನುಮೇಣದೊಳಗೆ ಹೂತಿತ್ತು. ಹಣೆಯಲ್ಲಿ ಕುಂಕುಮ ನಿಲ್ಲಲೆಂದು ಹೆಂಗಸರು ಮೊದಲು ಹಚ್ಚುವ ಮೇಣ ಅದು. ಅವಳ ಅತ್ತೆ ಎರಡನ್ನೂ ಅದರಲ್ಲಿ ಬಚ್ಚಿಟ್ಟಿದ್ದಳು.

ಅದು 1958. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಅದಿರಿನ ಚಿನ್ನ ಪರೀಕ್ಷಿಸುವುದು ನನ್ನ ಕೆಲಸ. ಹಳೆಯ ನಾಣ್ಯ ಭಾನುವಾರದ ಹವ್ಯಾಸ. ಆದಿಲಕ್ಷ್ಮಮ್ಮನ ಗಂಡ ಗಣಿಯ ಧೂಳಿಗೆ ಎದೆ ಕೆಟ್ಟು ಉರಿಗಾಂನ ಮನೆಯಲ್ಲಿ ಕೂತಿದ್ದ. ಇನ್ನು ಮನೆ ನಡೆಸಲು ಅವಳಿಗೆ ಹೊಲಿಗೆ ಯಂತ್ರ ಬೇಕಿತ್ತು. ಬೆಲೆ ಮುನ್ನೂರ ಹತ್ತು ರೂಪಾಯಿ. ಬಂಗಾರಪೇಟೆಯ ಚಿನ್ನದಂಗಡಿಯವನು ತೂಕ ನೋಡಿ, ಎರಡಕ್ಕೂ ಸೇರಿ ಇನ್ನೂರು ಎಂದಿದ್ದ.

"ಇದನ್ನು ಉಜ್ಜಿದವರು ಯಾರು?"

"ನಾನೇ ಸಾಮಿ, ಉಣಸೇಹಣ್ಣು ಬೂದಿ ಆಕಿ. ನಿಮ್ಮಂತೋರ ಮುಂದೆ ಕೊಳೆ ಚಿನ್ನ ತರಾಕಾಯ್ತದಾ? ಇನ್ನೊಂದನ್ನೂ ಉಜ್ಜೋಳಿದ್ದೆ, ಮೇಣ ಬುಡಲಿಲ್ಲ."

"ಮೇಣಕ್ಕೆ ಪುಣ್ಯ ಬರಲಿ!"

ಆ ನಾಣ್ಯವನ್ನು ಮೇಣದ ಸಮೇತ ಬೆಂಜೀನಿನಲ್ಲಿ ಅದ್ದಿಟ್ಟೆ. ಬಟ್ಟೆ ತಾಕಿಸಲಿಲ್ಲ. ಮೇಣ ತಾನಾಗಿ ಕರಗಿತು. ಎರಡೂ 1862ರವು, ತೂಕ ಸರಿಯಾಗಿ ತೊಲ. ಬೂದಿ ಕಂಡ ನಾಣ್ಯದ ಮೇಲೆ, ಭೂತಗನ್ನಡಿಯಡಿಯಲ್ಲಿ, ಗುಡಿಸಿದ ಅಂಗಳದಂತೆ ಗೀರುಗಳು. ಅದಕ್ಕೆ ಚಿನ್ನದ ಬೆಲೆ ಮಾತ್ರ, ನೂರು. ಮೇಣದಲ್ಲಿದ್ದದ್ದನ್ನು ಓರೆ ಮಾಡಿದರೆ ಬೆಳಕು ಚಕ್ರದ ಕಡ್ಡಿಗಳಂತೆ ಸುತ್ತಿ ಬರುತ್ತಿತ್ತು, ಎಲ್ಲೂ ತುಂಡಾಗದೆ. ಅಚ್ಚಿನಲ್ಲಿದ್ದ ರಾಣಿಯ ಕೂದಲ ಒಂದೆಳೆಯೂ ಸವೆದಿರಲಿಲ್ಲ. ಟಂಕಸಾಲೆ ಬಿಟ್ಟ ಮೇಲೆ ಅದು ಕೈಯಿಂದ ಕೈಗೆ ಓಡಾಡಿಯೇ ಇಲ್ಲ. ಕೆನ್ನೆಯ ಮೇಲೊಂದು ಸಣ್ಣ ಗಾಯವಿತ್ತು. ಮುನ್ನೂರರಲ್ಲಿ ಅದಕ್ಕೆ ಹದಿನೈದು ಕಳೆದು ಇನ್ನೂರ ಎಂಬತ್ತೈದು ಎಂದೆ.

"ಒಂದೇ ಅಚ್ಚು, ಒಂದೇ ಇಸ್ವಿ. ತೊಳೆದಿದ್ದಕ್ಕೆ ಕಮ್ಮಿ, ತೊಳೀದೆ ಇದ್ದಿದ್ದಕ್ಕೆ ಜಾಸ್ತಿಯಾ? ಗಣಿನಾಗೂ ಇಂಗೇನಾ ನಿಮ್ಮ ಲೆಕ್ಕ?"

ಭೂತಗನ್ನಡಿ ಅವಳ ಕೈಗೆ ಕೊಟ್ಟೆ. ಎರಡು ನಾಣ್ಯಗಳನ್ನೂ ಓರೆ ಮಾಡಿ ಕಾಲು ಗಂಟೆ ನೋಡಿದಳು.

ಬೆಂಗಳೂರಿನ ಸಂಗ್ರಾಹಕ ಶ್ರೀನಿವಾಸಪ್ಪನವರಿಗೆ ಕಾಗದ ಬರೆದೆ. ಮುಂದಿನ ಭಾನುವಾರ ಅವರು ಬಂಗಾರಪೇಟೆ ನಿಲ್ದಾಣದಲ್ಲಿ ಇಳಿದಾಗ ನಾನೂ ಆದಿಲಕ್ಷ್ಮಮ್ಮನೂ ಅಲ್ಲಿ ಕಾಯುತ್ತಿದ್ದೆವು. ನಾಣ್ಯವನ್ನು ಒಮ್ಮೆ ತಿರುಗಿಸಿ, "ಚೆನ್ನಾಗಿದೆ. ನೂರೈವತ್ತು," ಎಂದರು.

ದರ್ಜೆಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಬೆಲೆಗೆ ಎದುರಿಗೊಬ್ಬ ಒಪ್ಪುವವನು ಬೇಕು. ಅದನ್ನು ಯಾವ ಗಾಜೂ ತೋರಿಸುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಆದಿಲಕ್ಷ್ಮಮ್ಮ ನಾಣ್ಯ ಹಿಂದಕ್ಕೆ ತೆಗೆದುಕೊಂಡು ಬಿಸಿಲಿಗೆ ನಡೆದಳು.

"ಬನ್ನಿ ಸಾಮಿ. ಬೆಳಕು ಎಲ್ಲಾದ್ರೂ ತುಂಡಾಗ್ತದಾ ಏಳಿ. ಕೆನ್ನೆ ಮ್ಯಾಲೆ ಗಾಯ ಐತೆ, ನಾನೇ ತೋರಿಸ್ತೀನಿ. ಅದರ ದುಡ್ಡು ಇವ್ರು ಆಗ್ಲೇ ಕಳೆದವ್ರೆ. ಇನ್ನೂರ ಎಂಬತ್ತೈದು."

"ಇನ್ನೂರ ಅರವತ್ತು ಕೊಡ್ತೀನಮ್ಮ."

"ಕೂದ್ಲು ನೋಡೇ ಇಲ್ಲ ನೀವು. ನೋಡಿ. ಇಲ್ದಿದ್ರೆ ಓಗಿ, ರೈಲು ಬತ್ತದೆ."

ಶ್ರೀನಿವಾಸಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಶಿಷ್ಯೆಯೋ, ಗುರುವೋ?" ಎಂದು ನಗುತ್ತಾ ಪೂರ್ತಿ ಹಣ ಎಣಿಸಿದರು.

ಉಜ್ಜಿದ ಮೊಹರನ್ನು ಅವಳು ಚಿನ್ನದಂಗಡಿಯಲ್ಲಿ ನೂರಕ್ಕೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಯಂತ್ರ ಜಟಕಾ ಏರಿತ್ತು. ಅದನ್ನು ತಬ್ಬಿ ಕುಳಿತ ಆದಿಲಕ್ಷ್ಮಮ್ಮ, ಹತ್ತಲು ಹೋದ ನನ್ನನ್ನು ತಡೆದಳು.

"ಜಾಗ ಇಲ್ಲ ಸಾಮಿ. ನೀವು ರೈಲ್ನಾಗೆ ಬನ್ನಿ."